ನಾಲ್ಕು ನಂಬರಿನ ಚಾದರ

ಹೋದ ವರ್ಷ ದೀಪಾವಳಿ ಮುಂಚಿನ ಸೇಲ್‌ನಲ್ಲಿ ಒಂದು ಬೆಡ್‌ಶೀಟ್ ತಗೊಂಡೆ. ಪ್ಯಾಕೆಟ್ ಮೇಲೆ ಬಂಗಾರದ ಬಣ್ಣದಲ್ಲಿ ‘1000 ಟಿಸಿ’ ಅಂತ ಬರೆದಿತ್ತು. ಟಿಸಿ ಅಂದರೆ ಥ್ರೆಡ್ ಕೌಂಟ್. ಪಕ್ಕದಲ್ಲೇ 210ರದ್ದೂ ಇತ್ತು, 400ರದ್ದೂ ಇತ್ತು. ನಾನು ಇಂಜಿನಿಯರ್, ದೊಡ್ಡ ನಂಬರ್ ಕಂಡರೆ ಕೈ ತಾನಾಗೇ ಆ ಕಡೆ ಹೋಗುತ್ತೆ. 8 ಜಿಬಿ ರ‍್ಯಾಮ್‌ಗಿಂತ 16 ಜಿಬಿ ಮೇಲು, 12 ಮೆಗಾಪಿಕ್ಸೆಲ್‌ಗಿಂತ 48 ಮೇಲು, ಹಾಗೇ ಇದೂ ಇರಬೇಕು ಅಂದುಕೊಂಡೆ. ಇಎಂಐ ಮೇಲೆ ತಗೊಂಡ ಹೊಸ ಫ್ಲಾಟು, ಹೊಸ ಮಂಚ, ಅದರ ಮೇಲೆ ಸಾವಿರ ಎಳೆಯ ಚಾದರ. ಮನಸ್ಸಿಗೆ ಸಮಾಧಾನ ಆಯ್ತು.

ಆ ಸಮಾಧಾನ ಏಪ್ರಿಲ್ ತನಕ ಇತ್ತು. ಊರಿಂದ ಅವ್ವ ಬಂದಳು. ಒಂದು ರಾತ್ರಿ ಆ ಮಂಚದ ಮೇಲೆ ಮಲಗಿ ಎದ್ದವಳು ಬೆಳಿಗ್ಗೆ ಚಾ ಕುಡಿಯುತ್ತಾ ಕೇಳಿದಳು: “ಏನ ಯಪ್ಪಾ ಅದು? ಹಾಸಿಗಿ ಮ್ಯಾಲ ತಾಡಪತ್ರಿ ಹಾಸೀಯೇನು? ಮೈಯೆಲ್ಲಾ ನೀರಾತು ನೋಡು.” ಮರುದಿನದಿಂದ ತಾನು ತಂದಿದ್ದ ಹಳೇ ಕೌದಿ ನೆಲಕ್ಕೆ ಹಾಸಿಕೊಂಡು ಅದರ ಮೇಲೆ ಮಲಗಿದಳು. ನಿಜ ಹೇಳಬೇಕಂದರೆ ನನಗೂ ಆ ಚಾದರದ ಮೇಲೆ ಬೆವರುತ್ತಿತ್ತು. ದುಡ್ಡು ಕೊಟ್ಟ ಮೇಲೆ ಒಪ್ಪಿಕೊಳ್ಳೋಕೆ ಮನಸ್ಸು ಬಂದಿರಲಿಲ್ಲ, ಅಷ್ಟೆ.

ನಮ್ಮೂರು ರಾಯಬಾಗ ತಾಲ್ಲೂಕು. ಅವ್ವನ ತವರು ನಿಪ್ಪಾಣಿ ತಾಲ್ಲೂಕಿನ ಮಾಣಕಾಪುರ. ಅಲ್ಲಿಂದ ಗಡಿ ದಾಟಿದರೆ ಮಹಾರಾಷ್ಟ್ರದ ಇಚಲಕರಂಜಿ. ಚಿಕ್ಕೋಡಿ, ನಿಪ್ಪಾಣಿ, ಕಾಗವಾಡ ಕಡೆಯವರಿಗೆ ಇಚಲಕರಂಜಿ ಅಂದರೆ ಒಂದೇ ಅರ್ಥ, ಮಗ್ಗ. ನನ್ನ ಸೋದರಮಾವ ಹದಿನಾರನೇ ವಯಸ್ಸಿಗೆ ಅಲ್ಲಿ ಪವರ್‌ಲೂಮ್ ಮುಂದೆ ನಿಂತವರು, ಮೂವತ್ತೈದು ವರ್ಷ ನಿಂತೇ ಇದ್ದರು. ಅವ್ವನನ್ನು ಊರಿಗೆ ಬಿಡಲು ಹೋದಾಗ ಆ ಚಾದರವನ್ನೂ ಬ್ಯಾಗಿಗೆ ಹಾಕಿಕೊಂಡೆ. ಮಾಮಾ ಏನನ್ನುತ್ತಾರೆ ನೋಡೋಣ ಅಂತ.

ಮಾಮಾ ಚಾದರ ಕೈಗೆ ತಗೊಂಡು ಮೊದಲು ಬೆಳಕಿಗೆ ಹಿಡಿದರು. ಆಮೇಲೆ ಎರಡು ಬೆರಳಲ್ಲಿ ಉಜ್ಜಿದರು. ಏನೂ ಮಾತಾಡದೆ ಒಳಗೆ ಹೋಗಿ ಟ್ರಂಕಿನಿಂದ ಒಂದು ಸಣ್ಣ ಹಿತ್ತಾಳೆ ಸಾಮಾನು ತಂದರು. ಮೂರು ಮಡಿಕೆಯದು. ಬಿಚ್ಚಿ ನಿಲ್ಲಿಸಿದರೆ ಮೇಲೆ ಒಂದು ಭೂತಗನ್ನಡಿ, ಕೆಳಗೆ ಚೌಕಾಕಾರದ ಕಿಂಡಿ. ಕಿಂಡಿಯ ಅಳತೆ ಒಂದು ಇಂಚಿಗೆ ಒಂದು ಇಂಚು. ಇದಕ್ಕೆ ಪಿಕ್ ಗ್ಲಾಸ್ ಅಂತಾರೆ. ಬಟ್ಟೆ ಮೇಲೆ ಇಟ್ಟು, ಸೂಜಿ ಮೊನೆಯಿಂದ ಒಂದೊಂದೇ ಎಳೆ ದಾಟಿಸುತ್ತಾ ಎಣಿಸಬೇಕು.

ಬಟ್ಟೆ ನೇಯುವಾಗ ಉದ್ದಕ್ಕೆ ಬಿಗಿದಿರುವ ಎಳೆಗಳು ಹಾಸು. ಅಡ್ಡಡ್ಡ ಲಾಳಿ ತೂರಿ ಹೋಗುವ ಎಳೆ ಹೊಕ್ಕು. ‘ಹಾಸುಹೊಕ್ಕಾಗಿದೆ’ ಅಂತ ನಾವು ದಿನಾ ಆಡುವ ಮಾತು ಬಂದದ್ದು ಮಗ್ಗದಿಂದಲೇ. ಒಂದು ಚದರ ಇಂಚಿನಲ್ಲಿ ಎಷ್ಟು ಹಾಸು, ಎಷ್ಟು ಹೊಕ್ಕು ಎರಡನ್ನೂ ಎಣಿಸಿ ಕೂಡಿದರೆ ಬರುವುದೇ ಥ್ರೆಡ್ ಕೌಂಟ್. ಇಷ್ಟೇ ವಿಷಯ.

ಆದರೆ ಮಾಮಾನ ಲೋಕದಲ್ಲಿ ಯಾರೂ ಹಾಗೆ ಕೂಡುವುದಿಲ್ಲ. ಅಲ್ಲಿ ಬಟ್ಟೆಗೆ ನಾಲ್ಕು ನಂಬರ್. ಉದಾಹರಣೆಗೆ ಕೇಂಬ್ರಿಕ್ ಬಟ್ಟೆ ಅಂದರೆ 60×60, 92×88. ಮೊದಲ ಎರಡು ನೂಲಿನ ಕೌಂಟ್, ಅಂದರೆ ಹಾಸಿನ ನೂಲು ಎಷ್ಟು ಸಣ್ಣದು, ಹೊಕ್ಕಿನ ನೂಲು ಎಷ್ಟು ಸಣ್ಣದು ಅನ್ನೋದು. ಕೊನೆಯ ಎರಡು, ಇಂಚಿಗೆ ಎಷ್ಟು ಹಾಸು, ಎಷ್ಟು ಹೊಕ್ಕು. ಈ ನಾಲ್ಕು ಗೊತ್ತಾದರೆ ಬಟ್ಟೆ ಕಣ್ಣಿಗೆ ಕಾಣದಿದ್ದರೂ ಅದರ ತೂಕ, ಮೈ, ರೇಟು ಮೂರನ್ನೂ ಮಾಮಾ ಹೇಳಬಲ್ಲರು. ನಮ್ಮ ಪ್ಯಾಕೆಟ್ ಮೇಲೆ ಇದ್ದದ್ದು ಒಂದೇ ನಂಬರ್. ನಾಲ್ಕು ಒಂದಾದ ಕತೆಗೆ ಒಂದು ಇತಿಹಾಸ ಇದೆ.

ಎಳೆ ಎಣಿಸಿ ಬಟ್ಟೆಗೆ ಬೆಲೆ ಕಟ್ಟುವುದು ನಮ್ಮಲ್ಲಿ ಹೊಸದೇನಲ್ಲ. ಕೋರಮಂಡಲ ಕರಾವಳಿಯಿಂದ ಈಸ್ಟ್ ಇಂಡಿಯಾ ಕಂಪನಿ ಬಟ್ಟೆ ಕೊಳ್ಳುತ್ತಿದ್ದ ಕಾಲದಲ್ಲಿ ಲೆಕ್ಕ ಇದ್ದದ್ದು ‘ಪುಂಜಂ’ನಲ್ಲಿ. ಒಂದು ಪುಂಜಂ ಅಂದರೆ ಹಾಸಿನ 120 ಎಳೆ. ಬಟ್ಟೆಯ ಅಗಲದಲ್ಲಿ ಪುಂಜಂ ಹೆಚ್ಚಾದಷ್ಟೂ ಬಟ್ಟೆ ನಯ, ಬೆಲೆ ಜಾಸ್ತಿ. ಕಂಪನಿಯವರು ಗೋದಾಮಿನಲ್ಲಿ ಪ್ರತಿ ಥಾನನ್ನೂ ಪರೀಕ್ಷೆ ಮಾಡುತ್ತಿದ್ದರು. ಪುಂಜಂ ಕಮ್ಮಿ ಬಂದರೆ ಕೆಳದರ್ಜೆಗೆ ಹಾಕೋದು, ಇಲ್ಲವೇ ನೇಕಾರನಿಗೇ ವಾಪಸ್ ಕೊಡೋದು. ಎಣಿಸುವ ಅಧಿಕಾರ ಕೊಳ್ಳುವವನ ಕೈಯಲ್ಲಿ, ಎಣಿಕೆ ತಪ್ಪಿದರೆ ನಷ್ಟ ನೇಯುವವನ ತಲೆಗೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಮಗ್ಗದ ವೇಗ ಬದಲಾದದ್ದು ಇಂಗ್ಲೆಂಡಿನ ಲ್ಯಾಂಕಾಶೈರ್‌ನಲ್ಲಿ. 1733ರಲ್ಲಿ ಜಾನ್ ಕೇ ಹಾರುವ ಲಾಳಿಗೆ ಪೇಟೆಂಟ್ ಪಡೆದ. ಹಗ್ಗ ಎಳೆದರೆ ಸಾಕು, ಲಾಳಿ ತಾನೇ ಆಚೆ ಬದಿಗೆ ಹಾರುತ್ತೆ. 1785ರಲ್ಲಿ ಎಡ್ಮಂಡ್ ಕಾರ್ಟ್‌ರೈಟ್ ಯಂತ್ರದ ಮಗ್ಗಕ್ಕೆ ಪೇಟೆಂಟ್ ತಗೊಂಡ. ನೂಲುವ ಗಿರಣಿಗಳು ಊರೂರಿಗೆ ಎದ್ದವು. ಗಿರಣಿ ಬಂದ ಮೇಲೆ ನೂಲಿಗೂ ಒಂದು ಗಟ್ಟಿ ಅಳತೆ ಬೇಕಾಯಿತು. ಹಾಗೆ ನೆಲೆ ನಿಂತದ್ದು ಇಂಗ್ಲಿಷ್ ಕೌಂಟ್: ಒಂದು ಪೌಂಡ್, ಅಂದರೆ 454 ಗ್ರಾಂ ಹತ್ತಿಯಿಂದ 840 ಗಜದ ಲಡಿ ಎಷ್ಟು ಬರುತ್ತವೆ ಅನ್ನುವ ಲೆಕ್ಕ. 40 ಲಡಿ ಬಂದರೆ 40 ಕೌಂಟ್. ನಂಬರ್ ಏರಿದಷ್ಟೂ ನೂಲು ಸಣ್ಣ. 40 ಕೌಂಟ್ ನೂಲನ್ನು ಒಂದು ಪೌಂಡ್ ಬಿಚ್ಚುತ್ತಾ ಹೋದರೆ ಸುಮಾರು 30.7 ಕಿಲೋಮೀಟರ್. ಚಿಕ್ಕೋಡಿಯಲ್ಲಿ ತುದಿ ಕಟ್ಟಿ ಹೊರಟರೆ ನಿಪ್ಪಾಣಿ ದಾಟಿದ ಮೇಲೂ ಕೈಯಲ್ಲಿ ನೂಲು ಉಳಿದಿರುತ್ತೆ. 80 ಕೌಂಟ್ ಆದರೆ ಇದರ ಎರಡು ಪಟ್ಟು. ಮೆಟ್ರಿಕ್ ಪದ್ಧತಿ ಬಂದು ಇಷ್ಟು ವರ್ಷ ಆದರೂ ನಮ್ಮ ನೂಲಿನ ಪೇಟೆಯಲ್ಲಿ ಇವತ್ತಿಗೂ ಅದೇ ಪೌಂಡು, ಅದೇ ಗಜ.

ಬ್ರಿಟಿಷರು ಎಣಿಸುವುದರಲ್ಲಿ ಎಷ್ಟು ಗಟ್ಟಿ ಅನ್ನೋದಕ್ಕೆ ಒಂದೇ ಉದಾಹರಣೆ ಸಾಕು. ಲಂಡನ್ನಿನ ಇಂಡಿಯಾ ಆಫೀಸಿನಲ್ಲಿದ್ದ ಜಾನ್ ಫೋರ್ಬ್ಸ್ ವಾಟ್ಸನ್ 1866ರಲ್ಲಿ ಭಾರತದ ಬಟ್ಟೆಗಳ ತುಣುಕುಗಳನ್ನು ಅಂಟಿಸಿದ 18 ಸಂಪುಟಗಳ ಒಂದು ಸಂಗ್ರಹ ಹೊರತಂದ. 700 ಮಾದರಿಗಳು. ಹೀಗೆ 20 ಸೆಟ್ ಮಾಡಿಸಿ 13 ಸೆಟ್ ಅಲ್ಲಿಯ ಊರುಗಳಿಗೆ, 7 ಸೆಟ್ ಭಾರತಕ್ಕೆ ಕೊಟ್ಟರು. ಸೀರೆ ಎಷ್ಟು ಉದ್ದ, ಧೋತರ ಎಷ್ಟು ತೂಕ, ಅಂಚು ಎಂಥದ್ದು ಎಲ್ಲಾ ವಿವರ. ಮ್ಯಾಂಚೆಸ್ಟರ್‌ನ ಗಿರಣಿಯವನು ಕೂತಲ್ಲೇ ನಮ್ಮ ಬಟ್ಟೆ ನೋಡಿ ಅದರಂತೆ ಮಾಡಿ ನಮಗೇ ಮಾರಲಿ ಅನ್ನುವುದು ಉದ್ದೇಶ. ಈಗಿನ ಭಾಷೆಯಲ್ಲಿ ಹೇಳಬೇಕಂದರೆ ರಿವರ್ಸ್ ಇಂಜಿನಿಯರಿಂಗ್.

ಆಮೇಲೆ ಗಿರಣಿ ನಮ್ಮ ಕಡೆಗೂ ಬಂತು. ನಮ್ಮ ರಾಯಬಾಗಕ್ಕೆ ಹೊಂದಿಕೊಂಡಿರುವುದೇ ಗೋಕಾಕ ತಾಲ್ಲೂಕು. ಘಟಪ್ರಭೆ ಸುಮಾರು 170 ಅಡಿ ಧುಮುಕುವ ಜಾಗ ನೋಡಿ 1880ರ ದಶಕದಲ್ಲಿ ಫೋರ್ಬ್ಸ್ ಕಂಪನಿಯವರು ಅಲ್ಲೇ ನೂಲಿನ ಗಿರಣಿ ಹಾಕಿದರು. ನೀರಿನ ಬಲದಿಂದ ಗಿರಣಿ ತಿರುಗಿತು. ಶಾಲೆಯ ಟ್ರಿಪ್ಪಿನಲ್ಲಿ ಗೋಕಾಕ ಫಾಲ್ಸಿಗೆ ಹೋದಾಗ ನಾವೆಲ್ಲಾ ತೂಗುಸೇತುವೆ ಮೇಲೆ ಕುಣಿದು ಬಂದಿದ್ದೆವು. ಪಕ್ಕದ ಆ ಉದ್ದನೆ ಕಟ್ಟಡದಲ್ಲಿ ನಮ್ಮ ಜಿಲ್ಲೆಯ ನೂಲಿನ ಇತಿಹಾಸ ಇದೆ ಅಂತ ಯಾರೂ ಹೇಳಿರಲಿಲ್ಲ. ಅತ್ತ ಅಥಣಿಯ ಉತ್ತರಕ್ಕೆ ಸೊಲ್ಲಾಪುರದಲ್ಲಿ 1877ರಲ್ಲೇ ಗಿರಣಿ ಶುರುವಾಗಿತ್ತು. ಕನ್ನಡ, ತೆಲುಗು, ಮರಾಠಿ ಮೂರೂ ಕಿವಿಗೆ ಬೀಳುವ ಆ ಊರಿನ ಚಾದರ ಇವತ್ತು ಜಿಐ ಪಟ್ಟಿಯಲ್ಲಿದೆ. ನಮ್ಮ ಮನೆಗಳಲ್ಲಿ ‘ಸೊಲ್ಲಾಪುರ ಚಾದ್ರ’ ಅಂದರೆ ಮದುವೆಯಲ್ಲಿ ಬಂದದ್ದು, ಬೀಗರು ಬಂದಾಗ ತೆಗೆಯುವುದು.

1904ರಲ್ಲಿ ಇಚಲಕರಂಜಿಯಲ್ಲಿ ವಿಠ್ಠಲರಾವ್ ದಾತಾರ್ ಅನ್ನುವವರು ಊರಿನ ಮೊದಲ ಪವರ್‌ಲೂಮ್ ಹಾಕಿದರು. ಆಗ ಜಹಗೀರುದಾರರಾಗಿದ್ದ ನಾರಾಯಣರಾವ್ ಘೋರ್ಪಡೆಯವರ ಬೆಂಬಲ ಉದ್ಯಮಕ್ಕೆ ಸಿಕ್ಕಿತು. ಒಂದು ಮಗ್ಗ ನೂರಾಯಿತು, ನೂರು ಸಾವಿರಗಳಾದವು. ಪಂಚಗಂಗೆ ದಂಡೆಯ ಆ ಊರಿಗೆ ಮಹಾರಾಷ್ಟ್ರದ ಮ್ಯಾಂಚೆಸ್ಟರ್ ಅಂತ ಹೆಸರು ಬಿತ್ತು. ಗಡಿಯ ಈಚೆ ನಮ್ಮ ಮಾಣಕಾಪುರದಂಥ ಊರುಗಳಲ್ಲೂ ಮನೆ ಮನೆಗೆ ಮಗ್ಗ ಬಂದವು. ನೂಲು ಆಚೆಯಿಂದ ಬರುತ್ತೆ, ಬಟ್ಟೆ ಆಚೆಗೆ ಹೋಗುತ್ತೆ, ಈಚೆ ಉಳಿಯುವುದು ಕೂಲಿ ಮತ್ತು ಸದ್ದು.

ಆ ಕೂಲಿಯ ಲೆಕ್ಕ ಹೇಗೆ ಗೊತ್ತಾ? ಪಿಕ್ ಮೇಲೆ. ಹೊಕ್ಕಿನ ಒಂದು ಎಳೆ ಅಂದರೆ ಒಂದು ಪಿಕ್, ಅಂದರೆ ಲಾಳಿಯ ಒಂದು ಓಟ. ಇಂಚಿಗೆ 52 ಪಿಕ್ ಇರುವ ಬಟ್ಟೆಯನ್ನು ಮಾದರಿ ಅಂತ ಇಟ್ಟುಕೊಂಡು ಮೀಟರಿಗೆ ಇಷ್ಟು ಪೈಸೆ ಅಂತ ಇಚಲಕರಂಜಿಯಲ್ಲಿ ಮಜೂರಿ ಮಾತಾಡುತ್ತಾರೆ. ಸಂಪು, ಸಂಧಾನ ಎಲ್ಲಾ ನಡೆಯುವುದು ಆ 52 ಪಿಕ್ಕಿನ ಪೈಸೆಯ ಮೇಲೆ. ನಾವು ಬೆಂಗಳೂರಲ್ಲಿ ‘ಹೈ ಥ್ರೆಡ್ ಕೌಂಟ್’ ಅಂತ ಖುಷಿಯಾಗಿ ಕೊಳ್ಳುತ್ತೇವಲ್ಲ, ಅದರ ಅರ್ಧ ಭಾಗ ಇವರ ಸಂಬಳದ ಸ್ಲಿಪ್ಪು.

ಲೆಕ್ಕ ಮಾಡಿ ನೋಡಿದೆ. ಒಂದು ಮೀಟರ್ ಅಂದರೆ 39.37 ಇಂಚು. ಇಂಚಿಗೆ 52 ಅಂದರೆ ಮೀಟರಿಗೆ 2047 ಸಲ ಲಾಳಿ ಆಚೆ ಈಚೆ ಓಡಬೇಕು. ಸಾದಾ ಲೂಮ್ ನಿಮಿಷಕ್ಕೆ 140 ಪಿಕ್ ಹೊಡೆದರೆ ಒಂದು ಮೀಟರಿಗೆ ಹದಿನಾಲ್ಕೂವರೆ ನಿಮಿಷ. ಎಳೆ ಕಡಿದಾಗ ಕಟ್ಟೋದು, ಕಾಂಡಿ ಖಾಲಿಯಾದಾಗ ಬದಲಿಸೋದು, ಇದಕ್ಕೆಲ್ಲಾ ಐದರಲ್ಲೊಂದು ಪಾಲು ಸಮಯ ಹೋಯಿತು ಅಂದುಕೊಂಡರೂ, ನಾಲ್ಕು ಮಗ್ಗ ನೋಡಿಕೊಳ್ಳುವ ಒಬ್ಬ ಮನುಷ್ಯನ ಮುಂದೆ ಹನ್ನೆರಡು ಗಂಟೆಯ ಪಾಳಿಯಲ್ಲಿ ಲಾಳಿ ಮೂರು ಲಕ್ಷಕ್ಕೂ ಹೆಚ್ಚು ಸಲ ಹೊಡೆಯುತ್ತೆ. ಪ್ರತಿ ಹೊಡೆತಕ್ಕೂ ಖಟ್ ಅನ್ನುವ ಸದ್ದು. ಮಾಮಾಗೆ ಈಗ ಕಿವಿ ಮಂದ. ನಾವು ಮಾತಾಡುವಾಗ ನಮ್ಮ ತುಟಿ ನೋಡುತ್ತಾರೆ. ಲ್ಯಾಂಕಾಶೈರ್‌ನ ಗಿರಣಿ ಹೆಂಗಸರೂ ಹೀಗೇ ತುಟಿ ಆಡಿಸಿ ಮಾತಾಡುತ್ತಿದ್ದರಂತೆ, ಅದಕ್ಕೆ ‘ಮೀ-ಮಾ’ ಅಂತ ಹೆಸರು. ಮಗ್ಗ ಒಂದೇ ಆದ ಮೇಲೆ ಕಿವಿಯ ಗತಿಯೂ ಒಂದೇ.

ಬಟ್ಟೆ ಕೊಡುವಾಗ ವ್ಯಾಪಾರಿ ಪಿಕ್ ಗ್ಲಾಸ್ ಇಟ್ಟು ಎಣಿಸುತ್ತಿದ್ದ. 52 ಇರಬೇಕಾದ ಕಡೆ 50 ಬಂದರೆ ಮಾಲೀಕನಿಗೆ ಕಡಿತ, ಮಾಲೀಕನಿಂದ ಮಾಮಾಗೆ ಕಡಿತ. ಅದಕ್ಕೇ ಮಾಮಾ ತಾವೇ ಒಂದು ಗ್ಲಾಸ್ ಕೊಂಡಿದ್ದರು. ಅವರು ಎಣಿಸುವ ಮೊದಲು ನಾನು ಎಣಿಸಬೇಕು ಅಂತ. ನನ್ನ ಬಿಇ ಎರಡನೇ ವರ್ಷದ ಫೀಸು ಕಟ್ಟಿದ್ದು ಅದೇ ಪಿಕ್ಕಿನ ದುಡ್ಡು. ಕೋಡಿನ ಸಾಲು ಎಣಿಸಿ ಸಂಬಳ ಕೊಟ್ಟರೆ ನಾವು ಲಿಂಕ್ಡ್‌ಇನ್‌ನಲ್ಲಿ ಎಷ್ಟು ಉದ್ದದ ಪೋಸ್ಟ್ ಹಾಕುತ್ತಿದ್ದೆವೋ.

ಇಲ್ಲಿ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಮಾಮಾನ ಮಗ್ಗವೂ ಇನ್ನೊಬ್ಬರ ಅನ್ನದ ಮೇಲೇ ಬಂದದ್ದು. 1985ರಲ್ಲಿ ಸಂಸತ್ತು ಕೈಮಗ್ಗಕ್ಕೆ ಕೆಲವು ಬಟ್ಟೆಗಳನ್ನು ಮೀಸಲಿಡುವ ಕಾನೂನು ತಂದಿತು. ಮೊದಲು 22 ಬಗೆ, ಆಮೇಲೆ 11ಕ್ಕೆ ಇಳಿಯಿತು. ಬೆಡ್‌ಶೀಟು, ಬೆಡ್‌ಕವರು ಆ ಪಟ್ಟಿಯಲ್ಲಿವೆ. 1993ರಲ್ಲಿ ಸುಪ್ರೀಂ ಕೋರ್ಟ್ ಈ ಕಾನೂನನ್ನು ಎತ್ತಿಹಿಡಿಯಿತು. ಆದರೂ ಪೇಟೆಯಲ್ಲಿ ಗೆದ್ದದ್ದು ಪವರ್‌ಲೂಮ್. ಕೈಮಗ್ಗವನ್ನು ಸಾದಾ ಲೂಮ್ ತಿಂದಿತು, ಸಾದಾ ಲೂಮನ್ನು ಈಗ ಲಾಳಿಯೇ ಇಲ್ಲದ ರೇಪಿಯರ್, ಏರ್‌ಜೆಟ್ ತಿನ್ನುತ್ತಿವೆ. ಮಾಮಾ ಇದನ್ನು ಬೇಜಾರಿಲ್ಲದೇ ಹೇಳುತ್ತಾರೆ: “ನಾವೂ ಒಬ್ಬರ ಗಂಗಾಳ ಕಸ್ಕೊಂಡೇ ಉಂಡೇವಿ, ಅಳಿಯಾ.”

ಸರಿ, ನಾಲ್ಕು ನಂಬರ್ ಒಂದಾದದ್ದು ಯಾವಾಗ? ಬಟ್ಟೆ ಪ್ಯಾಕೆಟ್ಟಿನೊಳಗೆ ಹೋದ ಮೇಲೆ. ಅಂಗಡಿಯಲ್ಲಿ ಥಾನು ಬಿಚ್ಚಿ, ಬೆರಳಲ್ಲಿ ಉಜ್ಜಿ ನೋಡುವ ಕಾಲದಲ್ಲಿ ನಂಬರ್ ಬೇಕಿರಲಿಲ್ಲ. ಪ್ಲಾಸ್ಟಿಕ್ ಕವರಿನೊಳಗಿನ ಚಾದರಕ್ಕೆ ಮುಟ್ಟಿ ನೋಡುವ ಭಾಗ್ಯ ಇಲ್ಲ, ಮೊಬೈಲ್ ಸ್ಕ್ರೀನಿನಲ್ಲಂತೂ ಇಲ್ಲವೇ ಇಲ್ಲ. ಮುಟ್ಟುವ ಬದಲಿಗೆ ಒಂದು ನಂಬರ್ ಕೊಟ್ಟರು. ಅಮೆರಿಕದ ಪೇಟೆಯಲ್ಲಿ 200 ಇದ್ದದ್ದು 400 ಆಯಿತು, 600, 800, 1000 ಆಯಿತು. ಮಗ್ಗ ಬದಲಾದ್ದರಿಂದ ಹೀಗಾದದ್ದಲ್ಲ, ಎಣಿಸುವ ರೀತಿ ಬದಲಾಯಿತು. ಎರಡು ಸಣ್ಣ ನೂಲು ಸೇರಿಸಿ ಹೊಸೆದ ಒಂದು ಎಳೆಯನ್ನು ಎರಡು ಅಂತ ಎಣಿಸೋದು, ನಾಲ್ಕು ಹೊಸೆದಿದ್ದರೆ ನಾಲ್ಕು ಅನ್ನೋದು. ಅಲ್ಲಿಯ ಮಾನಕ ಸಂಸ್ಥೆ ಎಎಸ್‌ಟಿಎಂನ ಪದ್ಧತಿಯಲ್ಲಿ ಎಷ್ಟೇ ಹೊಸೆದಿದ್ದರೂ ಅದು ಒಂದೇ ಎಳೆ. 2005ರಲ್ಲಿ ಜವಳಿ ಉದ್ಯಮದವರೇ ಕೇಳಿದ್ದಕ್ಕೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಉತ್ತರ ಬರೆದು, ಹೊಸೆದ ನೂಲನ್ನು ಬಿಡಿಸಿ ಎಣಿಸಿದರೆ ಗ್ರಾಹಕರು ದಾರಿ ತಪ್ಪಬಹುದು, ಬೇಕಿದ್ದರೆ ‘300 ಥ್ರೆಡ್ ಕೌಂಟ್, ಎರಡು ಹೊಸೆತದ ನೂಲು’ ಅಂತ ಬಿಡಿಸಿ ಬರೆಯಿರಿ ಅಂದಿತು. ನಮ್ಮಲ್ಲಿ ಎಳೆ ಎಣಿಸುವ ವಿಧಾನಕ್ಕೆ ಐಎಸ್ 1963 ಅನ್ನುವ ಮಾನಕವೇ ಇದೆ. ಅದು ಹೇಳುವುದೂ ಹಾಸು ಬೇರೆ ಹೊಕ್ಕು ಬೇರೆ ಎಣಿಸಿ ಅಂತ.

ಹಾಗಾದರೆ ಒಂದು ಇಂಚಿನಲ್ಲಿ ನಿಜವಾಗಿ ಎಷ್ಟು ಎಳೆ ಹಿಡಿಸುತ್ತೆ? ಇದಕ್ಕೆ ಗಣಿತ ಇದೆ. ಮ್ಯಾಂಚೆಸ್ಟರ್‌ನ ಶರ್ಲಿ ಸಂಶೋಧನಾಲಯದ ಎಫ್. ಟಿ. ಪಿಯರ್ಸ್ 1937ರಲ್ಲಿ ಬಟ್ಟೆಯ ರೇಖಾಗಣಿತದ ಮೇಲೆ ಒಂದು ಹೆಸರಾಂತ ಪ್ರಬಂಧ ಬರೆದರು. ಅದರ ದಾರಿಯಲ್ಲಿ ಹೋದರೆ, ಹತ್ತಿ ನೂಲಿನ ಕೌಂಟ್‌ನ ವರ್ಗಮೂಲವನ್ನು 28ರಿಂದ ಗುಣಿಸಿದರೆ ಒಂದು ಇಂಚಿನಲ್ಲಿ ಪಕ್ಕಪಕ್ಕ ಅಂಟಿಕೊಂಡು ಎಷ್ಟು ನೂಲು ಕೂರುತ್ತವೆ ಅಂತ ಸ್ಥೂಲವಾಗಿ ಸಿಗುತ್ತೆ. 40 ಕೌಂಟ್‌ಗೆ 177. ಸಾದಾ ನೇಯ್ಗೆಯಲ್ಲಿ ಪ್ರತಿ ಎಳೆಯ ಪಕ್ಕ ಅಡ್ಡ ಎಳೆ ಹಾಯಲು ಜಾಗ ಬೇಕು, ಹಾಗಾಗಿ ಒಂದು ದಿಕ್ಕಿಗೆ ಅದರ ಅರ್ಧ, 88. ಎರಡೂ ದಿಕ್ಕು ಸೇರಿ ಮತ್ತೆ 177 ಆಸುಪಾಸು. 60 ಕೌಂಟ್‌ಗೆ 217, 80ಕ್ಕೆ 250, 100 ಕೌಂಟ್‌ನಷ್ಟು ಕೂದಲೆಳೆ ನೂಲಿಗೂ 280. ಎಳೆಗಳು ಕಡಿಮೆ ಸಲ ಅಡ್ಡಹಾಯುವ ಸ್ಯಾಟೀನ್ ನೇಯ್ಗೆಯಲ್ಲಿ ಇನ್ನಷ್ಟು ಒತ್ತಬಹುದು, ಆಗ 100 ಕೌಂಟ್‌ಗೆ 400ರ ಹತ್ತಿರ ಬರುತ್ತೆ. ನೂಲು ಚಪ್ಪಟೆಯಾಗಿ ಸ್ವಲ್ಪ ಹೆಚ್ಚುಕಡಿಮೆ ಆಗಬಹುದು. ಆದರೆ ಸಾವಿರ? ಎಂಟು ಸೀಟಿನ ಟೆಂಪೋದಲ್ಲಿ ಇಪ್ಪತ್ತು ಜನರನ್ನು ತುಂಬಬಹುದು, ನಮ್ಮ ಕಡೆ ತುಂಬುತ್ತಾರೆ ಕೂಡ. ಎಂಬತ್ತು ಜನರನ್ನು ತುಂಬಿದ್ದೇನೆ ಅಂದರೆ ಎಣಿಸಿದ್ದರಲ್ಲೇ ಏನೋ ಮಸಲತ್ತು ಇದೆ ಅಂತ ಅರ್ಥ.

ಮತ್ತೆ ಮಾಮಾನ ಪಡಸಾಲೆಗೆ ಬರೋಣ. ಮಾಮಾ ಸೂಜಿ ಮೊನೆಯಿಂದ ಎಣಿಸಿದರು. ಹಾಸು 200. ಚಾದರ ತಿರುಗಿಸಿ ಹೊಕ್ಕು ಎಣಿಸಿದರು. 50. ಒಟ್ಟು 250. ನಾನು ನಂಬದೆ ಇನ್ನೊಂದು ಮೂಲೆಯಲ್ಲಿ ಎಣಿಸಿದೆ, ಅಷ್ಟೇ ಬಂತು. ಆಮೇಲೆ ಮಾಮಾ ತುದಿಯಿಂದ ಹೊಕ್ಕಿನ ಒಂದು ಎಳೆ ಎಳೆದು ನನ್ನ ಕೈಗೆ ಕೊಟ್ಟರು. “ಬಿಡಿಸಿ ನೋಡು.” ಉಗುರಲ್ಲಿ ಬಿಡಿಸಿದೆ. ಅದು ಒಂದು ನೂಲಲ್ಲ, ಜೇಡರ ಬಲೆಯಂಥ ಎಳೆಗಳ ಒಂದು ಗೊಂಚಲು. ಎಣಿಸಿದೆ, ಹದಿನಾರು. ಹದಿನಾರನ್ನು ಒಟ್ಟಿಗೇ ಒಂದೇ ಓಟದಲ್ಲಿ ತೂರಿಸಿದ್ದರು. 50 ಗುಣಿಸು 16 ಅಂದರೆ 800. ಅದಕ್ಕೆ ಹಾಸಿನ 200 ಕೂಡಿಸಿದರೆ ಸರಿಯಾಗಿ 1000. ಪ್ಯಾಕೆಟ್ ಮೇಲಿನ ಲೆಕ್ಕ ತಾಳೆಯಾಯಿತು. ಯಾರೂ ಸುಳ್ಳು ಹೇಳಿರಲಿಲ್ಲ, ನಿಜವನ್ನೂ ಹೇಳಿರಲಿಲ್ಲ.

ಮಾಮಾ ಕಡ್ಡಿ ಗೀರಿ ಆ ಗೊಂಚಲಿಗೆ ಹಿಡಿದರು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆ ಬೂದಿ ಉಳಿಯಬೇಕು. ಇದು ಮುದುಡಿ, ಕರಗಿ, ತುದಿಯಲ್ಲಿ ಗಟ್ಟಿ ಕಪ್ಪು ಮಣಿಯಾಯಿತು. ಪಾಲಿಯೆಸ್ಟರ್. ಪ್ಯಾಕೆಟ್ ಹಿಂದೆ ಸಣ್ಣ ಅಕ್ಷರದಲ್ಲಿ ‘ಕಾಟನ್ ರಿಚ್’ ಅಂತ ಇದ್ದದ್ದು ನನಗೆ ಆಗ ನೆನಪಾಯಿತು. ರಿಚ್ ಅಂದರೆ ಶುದ್ಧ ಅಂತ ಓದಿಕೊಂಡಿದ್ದೆ. ಅವ್ವನ ಮೈ ಒಂದು ರಾತ್ರಿಗೆ ಕಂಡುಹಿಡಿದದ್ದನ್ನು ನಾನು ಆರು ತಿಂಗಳು ಕಂಡುಹಿಡಿದಿರಲಿಲ್ಲ.

ಕೌಂಟ್ ಸಾಕು, ಹತ್ತಿಯ ಮಾತಿಗೆ ಬರೋಣ. ಚಾದರ ಮೆತ್ತಗಿರೋದು ಎಳೆ ಎಷ್ಟಿವೆ ಅನ್ನುವುದಕ್ಕಿಂತ ಎಳೆ ಎಂಥದ್ದು ಅನ್ನುವುದರಿಂದ. ಹತ್ತಿಯ ನಾರು ಉದ್ದವಾದಷ್ಟೂ ಸಣ್ಣ, ಗಟ್ಟಿ, ನಯ ನೂಲು ಬರುತ್ತೆ. ಅದಕ್ಕೇ ‘ಈಜಿಪ್ಷಿಯನ್ ಕಾಟನ್’ ಅನ್ನುವ ಹೆಸರಿಗೆ ಅಷ್ಟು ಬೆಲೆ. ಆ ಹೆಸರೂ ಮೋಸಕ್ಕೆ ಹೊರತಲ್ಲ. 2016ರಲ್ಲಿ ಟಾರ್ಗೆಟ್ ಅನ್ನುವ ಅಮೆರಿಕದ ಅಂಗಡಿ ಸರಣಿ, ಈಜಿಪ್ಟಿನ ಹತ್ತಿ ಅಂತ ಬಂದಿದ್ದ ಸುಮಾರು 7.5 ಲಕ್ಷ ಚಾದರ, ದಿಂಬಿನ ಚೀಲಗಳಲ್ಲಿ ಬೇರೆ ಹತ್ತಿ ಇದೆ ಅಂತ ಹೇಳಿ ಭಾರತದ ಒಂದು ದೊಡ್ಡ ಕಂಪನಿಯ ಜೊತೆ ವ್ಯವಹಾರ ಮುರಿದುಕೊಂಡಿತು. ಅವು 500 ಕೌಂಟಿನವು ಅಂತ ಬೇರೆ ಹೆಸರು.

ಆದರೆ ಉದ್ದ ನಾರಿಗೆ ಈಜಿಪ್ಟಿಗೇ ಹೋಗಬೇಕಾಗಿಲ್ಲ. ಈಜಿಪ್ಟಿನ ಹತ್ತಿ ಯಾವ ಜಾತಿಯದೋ ಅದೇ ಬಾರ್ಬಡೆನ್ಸ್ ಜಾತಿಯನ್ನು ನಮ್ಮಲ್ಲಿ ಬೆಳೆಯುತ್ತಿದ್ದ ಲಕ್ಷ್ಮಿ ಹತ್ತಿಯ ಜೊತೆ ಕೂಡಿಸಿ ಧಾರವಾಡದಲ್ಲಿ ಡಾ. ಬಿ. ಎಚ್. ಕಟರ್ಕಿಯವರು 1972ರಲ್ಲಿ ‘ವರಲಕ್ಷ್ಮಿ’ ಹೈಬ್ರಿಡ್ ಕೊಟ್ಟರು. ಆಮೇಲೆ ಅಲ್ಲಿಂದಲೇ ಡಿಸಿಎಚ್-32 ಬಂತು, ರೈತರ ಬಾಯಲ್ಲಿ ‘ಜಯಲಕ್ಷ್ಮಿ’. 80 ಕೌಂಟ್‌ನಂಥ ಸಣ್ಣ ನೂಲಿಗೆ ಒದಗುವ ಹತ್ತಿ ಇದು. ಧಾರವಾಡದ ಹೆಸರು ಕೇಳಿದರೆ ನಮಗೆ ಪೇಡಾ ನೆನಪಾಗುತ್ತೆ, ಕವಿಗಳು ನೆನಪಾಗುತ್ತಾರೆ. ಈ ಹತ್ತಿಯೂ ನೆನಪಾದರೆ ತಪ್ಪಿಲ್ಲ.

ಈಗ ನಾನು ಚಾದರ ಕೊಳ್ಳುವ ರೀತಿ ಬದಲಾಗಿದೆ. ಮೊದಲು ಹಿಂದಿನ ಸಣ್ಣ ಅಕ್ಷರ ಓದುತ್ತೇನೆ, 100 ಪರ್ಸೆಂಟ್ ಹತ್ತಿ ಅಂತ ಇದೆಯಾ ಅಂತ. ಕೌಂಟ್ 180ರಿಂದ 400ರೊಳಗೆ ಇದ್ದರೆ ಸಾಕು, ಬೇಸಿಗೆಗೆ ಸಾದಾ ನೇಯ್ಗೆಯ 200 ಆದರೆ ಗಾಳಿ ಆಡುತ್ತೆ. ಮಿನುಗು ಮೈ ಬೇಕಂದರೆ ಸ್ಯಾಟೀನ್‌ನ 300. ನೂಲಿನ ಕೌಂಟ್ ಬರೆದಿದ್ದರೆ ಆ ಕಂಪನಿಗೆ ಒಂದು ಮಾರ್ಕ್ ಜಾಸ್ತಿ. ಇನ್ನು ತೂಕ. 90×100 ಇಂಚಿನ, 40 ಕೌಂಟ್ ನೂಲಿನ, 200 ಟಿಸಿ ಚಾದರದಲ್ಲಿ ಸುಮಾರು 45.7 ಕಿಲೋಮೀಟರ್ ನೂಲು ಇರಬೇಕು, ಅಂದರೆ ಹೆಚ್ಚುಕಡಿಮೆ 675 ಗ್ರಾಂ. ಮನೆಯ ಅಡುಗೆ ತಕ್ಕಡಿ ಮೇಲೆ ಇಡಿ. 400 ಗ್ರಾಂ ಬಂದರೆ ಎಳೆ ಎಲ್ಲೋ ರಜೆ ಮೇಲೆ ಹೋಗಿವೆ ಅಂತ ತಿಳಿಯಿರಿ. ಅಂಚಿನಿಂದ ಒಂದು ಎಳೆ ಎಳೆದು ಬೆಂಕಿಗೆ ಹಿಡಿಯೋದು ಎಲ್ಲಕ್ಕಿಂತ ಸುಲಭ, ಅಂಗಡಿಯಲ್ಲಿ ಮಾತ್ರ ಬೇಡ. ಕೈಮಗ್ಗದ್ದೇ ಬೇಕಂದರೆ ನಮ್ಮ ರಾಜ್ಯದ ಕೈಮಗ್ಗ ನಿಗಮದ ಪ್ರಿಯದರ್ಶಿನಿ ಮಳಿಗೆಗಳಿವೆ. ಅಲ್ಲಿ ಬಟ್ಟೆ ಮುಟ್ಟಿ ನೋಡಬಹುದು, ಯಾರೂ ಬೇಡ ಅನ್ನುವುದಿಲ್ಲ.

ಆ ಸಾವಿರದ ಚಾದರ ಈಗ ಊರಿನಲ್ಲೇ ಇದೆ. ಅವ್ವ ಅದನ್ನು ಜೋಳದ ರಾಶಿ ಮೇಲೆ ಮುಚ್ಚಲು ಬಳಸುತ್ತಾಳೆ, ತಾಡಪತ್ರಿಯ ಕೆಲಸಕ್ಕೆ ಸರಿಯಾಗಿ ಒದಗಿದೆ. ಹೊರಡುವ ಮುಂಚೆ ಮಾಮಾ ಪಿಕ್ ಗ್ಲಾಸನ್ನು ಒರೆಸಿ, ಮಡಚಿ, ನನ್ನ ಕೈಗೆ ಕೊಟ್ಟರು. ತಮಗಿನ್ನು ಯಾಕೆ, ಇಟ್ಟುಕೋ ಅಂತ. ಆಮೇಲೆ ನನ್ನ ತುಟಿ ನೋಡುತ್ತಾ, ತಮ್ಮ ಎಂದಿನ ದೊಡ್ಡ ದನಿಯಲ್ಲಿ ಒಂದು ಪ್ರಶ್ನೆ ಕೇಳಿದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

“ನಂದು ಎರಡ ಪಿಕ್ ಕಡಿಮಿ ಬಿದ್ರ ಪಗಾರ ಕಡೀತಿದ್ರು ಅಳಿಯಾ. ಇಲ್ಲಿ ಏಳ್ನೂರೈವತ್ತು ಎಳಿ ಕಾಣವಲ್ಲವು. ಯಾರ ಪಗಾರ ಕಡದ್ರು?”